ಅಪ್ಪನ ಬಿ.ಕಾಂ.: ಲೆಕ್ಕಕ್ಕುಂಟು, ಆಟಕ್ಕಿಲ್ಲ

"ನಾವು ಫಸ್ಟ್ ಜನರೇಷನ್ ತಾನೇ ಮೇಡಂ? 2018ರಲ್ಲಿ ಬಂದ್ವಿ. ಯೆಸ್ ಅಂತ ಹಾಕ್ಬೋದಲ್ವಾ?"

2024ರ ಅಕ್ಟೋಬರ್. ನ್ಯೂಜೆರ್ಸಿಯ ಎಡಿಸನ್ ಹತ್ತಿರ ನಮ್ಮ ಭಾನುವಾರದ ಕನ್ನಡ ಕ್ಲಾಸು ಆಗಷ್ಟೇ ಮುಗಿದಿತ್ತು. ನಾನು ಮಡಚುವ ಕುರ್ಚಿಗಳನ್ನು ಗೋಡೆಗೆ ಒರಗಿಸುತ್ತಿದ್ದೆ. ಆ ತಾಯಿ ಮೊಬೈಲನ್ನು ನನ್ನ ಮುಂದೆ ಹಿಡಿದರು. ಮಗಳ ಕಾಲೇಜು ಅರ್ಜಿಯ ಒಂದು ಪುಟ. ನೀವು ಫಸ್ಟ್ ಜನರೇಷನ್ ಕಾಲೇಜ್ ವಿದ್ಯಾರ್ಥಿಯೇ ಅಂತ ಪ್ರಶ್ನೆ. ಕೆಳಗೆ ಹೌದು, ಇಲ್ಲ ಅನ್ನುವ ಎರಡು ಚೌಕ.

ಮಗಳು ಹಿಂದಿನಿಂದ ಅಮ್ಮನ ತೋಳು ಜಗ್ಗಿದಳು. "ಅಮ್ಮಾ, ಅದು ಇಮಿಗ್ರೇಷನ್ ಬಗ್ಗೆ ಅಲ್ಲ. ಅಪ್ಪ ಬಿ.ಕಾಂ. ಮಾಡಿದಾರಲ್ಲ, ನಾವು ನೋ."

"ಅಪ್ಪನ ಬಿ.ಕಾಂ. ಈ ದೇಶದಲ್ಲಿ ಎಲ್ಲಿ ನಡೀತು?" ಅಂದರು ಅಮ್ಮ.

ನಾನು ಕುರ್ಚಿ ಕೆಳಗಿಟ್ಟೆ. ನನ್ನ ಬಾಯಲ್ಲೂ ತಕ್ಷಣ ಉತ್ತರ ಬರಲಿಲ್ಲ.

ನಾನು ವೃತ್ತಿಯಿಂದ ಕಾಲೇಜು ಸಲಹೆಗಾರ್ತಿ ಅಲ್ಲ. ಸಾಫ್ಟ್‌ವೇರ್ ಕೆಲಸ. ನನ್ನ ಮಗನ ಅರ್ಜಿಗಳ ಸಮಯದಲ್ಲಿ ಎಡವಿ ಬಿದ್ದು ಕಲಿತದ್ದನ್ನು ಗೊತ್ತಿದ್ದವರ ಮಕ್ಕಳಿಗೆ ಹೇಳಿಕೊಡುತ್ತೇನೆ, ವರ್ಷಕ್ಕೆ ನಾಲ್ಕೈದು ಮಂದಿಗೆ. ಈ ಮನೆಯವರ ಜತೆ ಹತ್ತಿರಹತ್ತಿರ ಏಳು ತಿಂಗಳು ಕೂತೆ. ಅವರು ಒಪ್ಪಿದ ಮೇಲೆ ಬರೆಯುತ್ತಿದ್ದೇನೆ. ಹೆಸರು ಹಾಕಿಲ್ಲ, ಗುರುತು ಸಿಗದ ಹಾಗೆ ಒಂದೆರಡು ವಿವರ ಬದಲಿಸಿದ್ದೇನೆ.

ಮನೆಯವರು

ಅಪ್ಪ ಶಿವಮೊಗ್ಗ ಸೀಮೆಯವರು. ಒಂದು ಸರ್ಕಾರಿ ಪ್ರಥಮ ದರ್ಜೆ ಕಾಲೇಜಿನಲ್ಲಿ ಬಿ.ಕಾಂ. ಮುಗಿಸಿದ್ದು 1995ರಲ್ಲಿ. ಡಿಗ್ರಿ ಕೊಟ್ಟದ್ದು ಕುವೆಂಪು ವಿಶ್ವವಿದ್ಯಾಲಯ. ಅದು ಶುರುವಾದದ್ದೇ 1987ರಲ್ಲಿ, ಇವರು ಓದುವಾಗ ಇನ್ನೂ ಹೊಸತು. ಆಮೇಲೆ ಇಪ್ಪತ್ತು ವರ್ಷಕ್ಕೂ ಜಾಸ್ತಿ ಅಡಿಕೆ ಮಂಡಿಯಲ್ಲಿ ಲೆಕ್ಕ ಬರೆದರು. ಸರಕು, ಬೆಟ್ಟೆ, ರಾಶಿ, ಗೊರಬಲು ಅಂತ ಯಾವ ರೈತನ ಯಾವ ಮಾಲು ಎಷ್ಟು ಚೀಲ ಬಂತು, ಮುಂಗಡ ಎಷ್ಟು ಹೋಯ್ತು, ಬಾಕಿ ಎಷ್ಟು, ಎಲ್ಲ ಇವರ ಕಿರ್ದಿ ಪುಸ್ತಕದಲ್ಲಿ. ಕಂಪ್ಯೂಟರ್ ಬಂದ ಮೇಲೂ ಯಜಮಾನರು ಸಂಜೆ ಇವರ ಪುಸ್ತಕ ನೋಡಿಯೇ ಅಂಗಡಿ ಬಾಗಿಲು ಹಾಕುತ್ತಿದ್ದರಂತೆ.

ಅಮ್ಮ ಪಿಯುಸಿ ಆದ ಮೇಲೆ ಟಿಸಿಎಚ್ ಮಾಡಿದವರು. ಒಂಬತ್ತು ವರ್ಷ ಪ್ರೈಮರಿ ಶಾಲೆಯಲ್ಲಿ ಪಾಠ ಮಾಡಿದ್ದಾರೆ. ಡಿಗ್ರಿ ಇಲ್ಲ.

ಅಪ್ಪನ ಅಕ್ಕ ಮೊದಲೇ ಅಮೆರಿಕ ಸೇರಿ ಪೌರತ್ವ ಪಡೆದಿದ್ದರು. 2003ರ ಕೊನೆಗೆ ತಮ್ಮನ ಹೆಸರಲ್ಲಿ ಅರ್ಜಿ ಹಾಕಿದರು. ಒಡಹುಟ್ಟಿದವರ ಈ ದಾರಿಗೆ ಎಫ್4 ಅಂತ ಹೆಸರು. ಇಡೀ ಜಗತ್ತಿಗೆ ಸೇರಿ ವರ್ಷಕ್ಕೆ 65,000 ವೀಸಾ. ಭಾರತದವರ ಸಾಲು ಬಹಳ ಉದ್ದ. ಅರ್ಜಿ ಹಾಕಿದಾಗ ತಮ್ಮನಿಗೆ ಮದುವೆಯೇ ಆಗಿರಲಿಲ್ಲ. ವೀಸಾ ಬಂದಾಗ ಹೆಂಡತಿ, ಹನ್ನೊಂದರ ಮಗಳು, ಆರರ ಮಗ. ಅಪ್ಪನಿಗೆ ವಯಸ್ಸು 44. ಐಟಿ ಕೆಲಸದ ಎಚ್1ಬಿ ಮೇಲೆ ಬಂದ ನನ್ನಂಥವರ ಕಥೆಗೂ ಇವರ ಕಥೆಗೂ ಹೋಲಿಕೆಯೇ ಇಲ್ಲ. ನಮಗೆ ಕೆಲಸ ಮೊದಲು, ವಿಮಾನ ಆಮೇಲೆ. ಇವರಿಗೆ ಗ್ರೀನ್ ಕಾರ್ಡ್ ಮೊದಲು, ಕೆಲಸ ಹುಡುಕುವುದು ಆಮೇಲೆ.

ಈಗ ಅಪ್ಪ ಟರ್ನ್‌ಪೈಕ್‌ನ 8ಎ ಎಕ್ಸಿಟ್ ಹತ್ತಿರದ ಒಂದು ವೇರ್‌ಹೌಸ್‌ನಲ್ಲಿ ರಾತ್ರಿ ಪಾಳಿ. ಆ ಎಕ್ಸಿಟ್ ಸುತ್ತಮುತ್ತ ಕಣ್ಣು ಹಾಯಿಸಿದಷ್ಟೂ ವೇರ್‌ಹೌಸ್‌ಗಳೇ. ಅಮ್ಮ ಇಂಡಿಯನ್ ಅಂಗಡಿಯೊಂದರ ಹಿಂಭಾಗದಲ್ಲಿ ತರಕಾರಿ ಹೆಚ್ಚಿ, ತೂಗಿ, ಪ್ಯಾಕ್ ಮಾಡುತ್ತಾರೆ. ಇಬ್ಬರದೂ ಸೇರಿ 2024ರಲ್ಲಿ ಸುಮಾರು 62,000 ಡಾಲರ್. ಎಡಿಸನ್ ಬಾಡಿಗೆ ಕಟ್ಟಿದವರಿಗೆ ಇದು ಎಷ್ಟರ ದುಡ್ಡು ಅಂತ ಗೊತ್ತು.

ಯಾವ ಲೆಕ್ಕದಲ್ಲಿ ಮೊದಲು?

ನಮ್ಮ ಕನ್ನಡ ಕೂಟಗಳಲ್ಲಿ ಫಸ್ಟ್ ಜನರೇಷನ್ ಅಂದರೆ ಊರಿಂದ ಸೂಟ್‌ಕೇಸ್ ಹಿಡಿದು ಬಂದವರು. ಇಲ್ಲೇ ಹುಟ್ಟಿದ ಮಕ್ಕಳು ಸೆಕೆಂಡ್ ಜನರೇಷನ್. ಚಿಕ್ಕವರಿದ್ದಾಗ ಬಂದವರನ್ನು ಸಮಾಜಶಾಸ್ತ್ರದವರು ಒಂದೂವರೆ ಅನ್ನುತ್ತಾರೆ. ಹಾಗಾಗಿ ಅಮ್ಮನ ಪ್ರಶ್ನೆ ತಪ್ಪಲ್ಲ. ಅವರಿಗೆ ಗೊತ್ತಿದ್ದ ಲೆಕ್ಕದಲ್ಲಿ ಅವರೇ ಸರಿ.

ಕಾಲೇಜಿನವರ ಲೆಕ್ಕ ಬೇರೆ. ಅದರ ಬೇರು 1965ರ ಉನ್ನತ ಶಿಕ್ಷಣ ಕಾಯ್ದೆಯಲ್ಲಿದೆ. ಬಡ ಮಕ್ಕಳನ್ನು ಕಾಲೇಜಿಗೆ ತರಲು ಆ ದಶಕದಲ್ಲಿ ಮೂರು ಯೋಜನೆ ಶುರುವಾದವು, ಅದಕ್ಕೇ ಟ್ರಯೋ ಅಂತ ಹೆಸರು. ಈಗ ಯೋಜನೆಗಳು ಮೂರಕ್ಕಿಂತ ಜಾಸ್ತಿ ಇವೆ, ಹೆಸರು ಹಾಗೇ ಉಳಿದಿದೆ. ಫಸ್ಟ್ ಜನರೇಷನ್ ಅನ್ನುವ ಮಾತು ಕಾಯ್ದೆಯೊಳಗೆ ಸೇರಿದ್ದು 1980ರ ತಿದ್ದುಪಡಿಯಲ್ಲಿ. ಅಲ್ಲಿನ ಅರ್ಥ ಇಷ್ಟೇ: ತಂದೆ ತಾಯಿ ಇಬ್ಬರೂ ಬ್ಯಾಚುಲರ್ ಡಿಗ್ರಿ ಮುಗಿಸಿರಬಾರದು. ಒಬ್ಬರ ಆಸರೆಯಲ್ಲೇ ಬೆಳೆದ ಮಕ್ಕಳಾದರೆ ಆ ಒಬ್ಬರು ಮುಗಿಸಿರಬಾರದು.

ಆ ಸಾಲಿನಲ್ಲಿ ಇಲ್ಲದ್ದು ಏನೇನು ನೋಡಿ. ಡಿಗ್ರಿ ಯಾವ ದೇಶದ್ದು ಅಂತ ಇಲ್ಲ. ಎಷ್ಟು ವರ್ಷದ್ದು ಅಂತ ಇಲ್ಲ. ಅಣ್ಣ ಅಕ್ಕ ಓದಿದ್ದರೆ ಏನು ಅಂತ ಇಲ್ಲ. ತಮಿಳುನಾಡಿನ ಲೆಕ್ಕ ಇದಕ್ಕೆ ಪೂರ್ತಿ ಉಲ್ಟಾ. ಅಲ್ಲಿ 2010ರಿಂದ ಮೊದಲ ಪದವೀಧರರಿಗೆ ಫೀಸು ರಿಯಾಯಿತಿ ಇದೆ, ಆದರೆ ಮನೆಯಲ್ಲಿ ಯಾರೂ ಪದವೀಧರರು ಇರಬಾರದು. ಅಕ್ಕನಿಗೆ ಸಿಕ್ಕರೆ ತಮ್ಮನಿಗೆ ಇಲ್ಲ. ನಮ್ಮ ಸಿಇಟಿಯಂತೂ ಅಪ್ಪ ಅಮ್ಮನ ಡಿಗ್ರಿ ಕೇಳುವುದೇ ಇಲ್ಲ. ಗ್ರಾಮೀಣ ಕೋಟಾಕ್ಕೆ ಒಂದರಿಂದ ಹತ್ತನೇ ಕ್ಲಾಸು ನೀನು ಎಲ್ಲಿ ಓದಿದೆ ಅನ್ನುವುದೇ ಮುಖ್ಯ ಪ್ರಶ್ನೆ. ಮೂರು ಕಡೆ ಮೂರು ಲೆಕ್ಕ.

ಅಮೆರಿಕದ ಒಳಗೇ ಒಮ್ಮತ ಇಲ್ಲ ಬಿಡಿ. 2018ರಲ್ಲಿ ಬಂದ ಒಂದು ಅಧ್ಯಯನ ಒಂದೇ ಗುಂಪಿನ ವಿದ್ಯಾರ್ಥಿಗಳಿಗೆ ಎಂಟು ಬೇರೆ ಬೇರೆ ಅಳತೆ ಹಿಡಿದು ನೋಡಿತು. ಒಂದು ಅಳತೆಯಲ್ಲಿ ಶೇ. 22 ಮಂದಿ ಫಸ್ಟ್ ಜನರೇಷನ್, ಇನ್ನೊಂದರಲ್ಲಿ ಶೇ. 77. ಮಕ್ಕಳು ಅವರೇ. ಬದಲಾದದ್ದು ಅಳತೆಗೋಲು.

ಪ್ಲಾಸ್ಟಿಕ್ ಫೈಲು

ಮುಂದಿನ ಶನಿವಾರ ಅವರ ಮನೆಗೆ ಹೋದೆ. ಅಪ್ಪ ರಾತ್ರಿ ಪಾಳಿ ಮುಗಿಸಿ ಮಲಗಿ ಎದ್ದಿದ್ದರು. ಅಮ್ಮ ಕಾಫಿ ಕೊಟ್ಟರು, ಜತೆಗೆ ಕೋಡುಬಳೆ. ಅಪ್ಪ ಒಳಗಿಂದ ಜಿಪ್ ಇರುವ ಪ್ಲಾಸ್ಟಿಕ್ ಫೈಲು ತಂದರು. ಊರಿಂದ ಬರುವಾಗ ಇದನ್ನು ಚೆಕ್‌ಇನ್ ಲಗೇಜಿಗೆ ಹಾಕದೆ ಕೈಯಲ್ಲೇ ಹಿಡಿದು ಬಂದಿದ್ದರಂತೆ. ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡ್, ಪಿಯುಸಿ, ಮೂರು ವರ್ಷದ ಬಿ.ಕಾಂ. ಮಾರ್ಕ್ಸ್ ಕಾರ್ಡುಗಳು, ಲ್ಯಾಮಿನೇಷನ್ ಮಾಡಿಸಿದ ಪದವಿ ಪತ್ರ. ಲ್ಯಾಮಿನೇಷನ್ ಒಳಗೆ ಒಂದು ಮೂಲೆಯಲ್ಲಿ ಗಾಳಿಗುಳ್ಳೆ ಕೂತಿತ್ತು.

ಎಲ್ಲಕ್ಕಿಂತ ಹಿಂದೆ ಇನ್ನೊಂದು ಕಾಗದ, ಇಂಗ್ಲಿಷಿನದು. 2019ರದು. ಬಂದ ಹೊಸತರಲ್ಲಿ ಅಪ್ಪ ಒಂದು ಕಚೇರಿಯಲ್ಲಿ ಲೆಕ್ಕ ಬರೆಯುವ ಕೆಲಸಕ್ಕೆ ಹೋಗಿದ್ದರು. ಡಿಗ್ರಿಯನ್ನು ಇಲ್ಲಿನ ಲೆಕ್ಕಕ್ಕೆ ಹೊಂದಿಸಿ ತನ್ನಿ ಅಂದರಂತೆ. ಅದನ್ನು ಮಾಡುವ ಖಾಸಗಿ ಸಂಸ್ಥೆಗಳಿವೆ. ನೂರಕ್ಕೂ ಜಾಸ್ತಿ ಡಾಲರ್ ಕಟ್ಟಿ, ಊರಲ್ಲಿದ್ದ ಭಾಮೈದನನ್ನು ವಿಶ್ವವಿದ್ಯಾಲಯ ಇರುವ ಶಂಕರಘಟ್ಟಕ್ಕೆ ಎರಡು ಸಲ ಓಡಿಸಿ, ಸೀಲು ಹಾಕಿದ ಲಕೋಟೆ ತರಿಸಿದ್ದರು. ಬಂದ ಉತ್ತರ ಒಂದೇ ಸಾಲು: ಅಮೆರಿಕದ ಕಾಲೇಜಿನಲ್ಲಿ ಮೂರು ವರ್ಷ ಓದಿದ್ದಕ್ಕೆ ಸಮ.

ಅಂದರೆ ಡಿಗ್ರಿಗೆ ಸಮ ಅಲ್ಲ. ನಮ್ಮದು ಹತ್ತು, ಎರಡು, ಮೂರು, ಒಟ್ಟು ಹದಿನೈದು ವರ್ಷ. ಇಲ್ಲಿಯದು ಹನ್ನೆರಡು ಮತ್ತು ನಾಲ್ಕು, ಹದಿನಾರು. ಆ ಒಂದು ವರ್ಷಕ್ಕಾಗಿ ಎಷ್ಟು ಜನ ಒದ್ದಾಡಿದ್ದಾರೋ. ವಲಸೆ ಇಲಾಖೆಯಲ್ಲಂತೂ ಇದು ಹಳೇ ಜಗಳ. 1977ರ ಮ್ಯಾಟರ್ ಆಫ್ ಶಾ ಅನ್ನುವ ತೀರ್ಮಾನದಲ್ಲೇ ಭಾರತದ ಮೂರು ವರ್ಷದ ಪದವಿ ಇಲ್ಲಿನ ಬ್ಯಾಚುಲರ್ ಡಿಗ್ರಿಗೆ ಸಮವಲ್ಲ ಅಂದುಬಿಟ್ಟಿದ್ದರು. ಇತ್ತೀಚೆಗೆ ಕೆಲವು ಮೌಲ್ಯಮಾಪನ ಸಂಸ್ಥೆಗಳು, ಭಾರತದ ಕಾಲೇಜುಗಳಿಗೆ ಗ್ರೇಡ್ ಕೊಡುವ ನ್ಯಾಕ್‌ ಸಂಸ್ಥೆಯ ಒಳ್ಳೇ ಗ್ರೇಡ್ ಇರುವ ಕಡೆ ಓದಿ ಒಳ್ಳೇ ಕ್ಲಾಸಿನಲ್ಲಿ ಪಾಸಾಗಿದ್ದರೆ, ಮೂರು ವರ್ಷದ್ದನ್ನೂ ಪೂರ್ತಿ ಡಿಗ್ರಿ ಅಂತ ಒಪ್ಪುತ್ತವೆ. ನ್ಯಾಕ್ ಹುಟ್ಟಿದ್ದೇ 1994ರಲ್ಲಿ, ಇವರು ಓದು ಮುಗಿಸುವುದಕ್ಕೆ ಒಂದು ವರ್ಷ ಮೊದಲು.

(ಕರ್ನಾಟಕ 2021ರಲ್ಲಿ ನಾಲ್ಕು ವರ್ಷದ ಆನರ್ಸ್ ತಂದಿತು, 2024ರಲ್ಲಿ ಮತ್ತೆ ಮೂರಕ್ಕೆ ಬಂತು. ಈಗ ಡಿಗ್ರಿ ಓದುತ್ತಿರುವವರ ಮಕ್ಕಳಿಗೂ ಈ ತಲೆನೋವು ತಪ್ಪಿದ್ದಲ್ಲ.)

ಈಗ ಅಮ್ಮನ ಪ್ರಶ್ನೆಗೆ ಬನ್ನಿ. ಕೆಲಸ ಕೇಳಲು ಹೋದಾಗ ಅಪ್ಪನ ಬಿ.ಕಾಂ. ಡಿಗ್ರಿ ಅಲ್ಲ. ಮಗಳು ನೆರವು ಕೇಳಲು ಹೋದಾಗ ಅದೇ ಬಿ.ಕಾಂ. ಡಿಗ್ರಿ. ಕೊಡಬೇಕಾದಾಗ ಕಣ್ಣಿಗೆ ಬೀಳದ ಕಾಗದ, ಕಳೆಯಬೇಕಾದಾಗ ಥಟ್ಟನೆ ಕಾಣುತ್ತದೆ. ಚಿಕ್ಕವರಿದ್ದಾಗ ಕುಂಟೆಬಿಲ್ಲೆಗೆ ತಂಗಿಯನ್ನು ಸೇರಿಸಿಕೊಂಡು 'ಆಟಕ್ಕುಂಟು, ಲೆಕ್ಕಕ್ಕಿಲ್ಲ' ಅನ್ನುತ್ತಿದ್ದೆವಲ್ಲ, ಇದು ಅದರ ತಿರುವು. ಲೆಕ್ಕಕ್ಕುಂಟು, ಆಟಕ್ಕಿಲ್ಲ.

ಇದು ಇವರೊಬ್ಬರ ಹಣೆಬರಹ ಅಲ್ಲ. ಮೈಗ್ರೇಷನ್ ಪಾಲಿಸಿ ಇನ್‌ಸ್ಟಿಟ್ಯೂಟ್ 2016ರಲ್ಲಿ ಎಣಿಸಿದಾಗ, ಕಾಲೇಜು ಓದಿಯೂ ಓದಿಗೆ ತಕ್ಕ ಕೆಲಸ ಇಲ್ಲದ, ಅಥವಾ ಕೆಲಸವೇ ಇಲ್ಲದ ವಲಸಿಗರು ಅಮೆರಿಕದಲ್ಲಿ ಹತ್ತಿರಹತ್ತಿರ 20 ಲಕ್ಷ. ಇನ್ನೊಂದು ಕಡೆ 2018ರ ಹೊತ್ತಿಗೆ ಇಲ್ಲಿನ ಕಾಲೇಜು ವಿದ್ಯಾರ್ಥಿಗಳಲ್ಲಿ ಶೇ. 28 ಮಂದಿ ವಲಸೆ ಮನೆಗಳವರು. ಈ ಎರಡೂ ಅಂಕಿ ಕೂಡುವ ಜಾಗದಲ್ಲಿ ಈ ಥರದ ಫೈಲುಗಳು ಎಷ್ಟಿವೆಯೋ.

ಮನೆಯೊಳಗೆ ಡಿಗ್ರಿ ಏನು ಮಾಡಿತು

ಕಾಯ್ದೆ ಬರೆದವರು ಡಿಗ್ರಿಯನ್ನೇ ಯಾಕೆ ಹಿಡಿದುಕೊಂಡರು? ಅಪ್ಪ ಅಮ್ಮ ಕಾಲೇಜಿಗೆ ಹೋಗಿದ್ದರೆ ಮಕ್ಕಳಿಗೆ ದಾರಿ ಹೇಳುತ್ತಾರೆ ಅನ್ನುವ ನಂಬಿಕೆ. ಸಾಮಾನ್ಯವಾಗಿ ಅದು ಸರಿಯೇ. ಆದರೆ ಆ ನಂಬಿಕೆಯೊಳಗೆ ಇನ್ನೊಂದು ಕೂತಿದೆ: ಅಪ್ಪ ಹೋದ ಕಾಲೇಜೂ ಮಗಳು ಹೋಗುವ ಕಾಲೇಜೂ ಒಂದೇ ಥರ ಇರುತ್ತವೆ ಅಂತ.

ಈ ಅಪ್ಪ ಮಗಳಿಗೆ ಕೊಟ್ಟ ಸಲಹೆ ಕೇಳಿ. "ಲೆಕ್ಚರರ್ ಹತ್ರ ಜಾಸ್ತಿ ಮಾತಾಡೋಕೆ ಹೋಗ್ಬೇಡ. ಕಣ್ಣಿಗೆ ಬಿದ್ದಷ್ಟೂ ಕಷ್ಟ." ಅವರ ಕಾಲೇಜಿನಲ್ಲಿ ಅದು ಬುದ್ಧಿವಂತ ಮಾತೇ ಇರಬೇಕು. ಇಲ್ಲಿ ಪ್ರೊಫೆಸರ್‌ಗಳು ವಾರಕ್ಕೆ ಇಷ್ಟು ಗಂಟೆ ಅಂತ ಬಾಗಿಲು ತೆರೆದು ಕೂರುತ್ತಾರೆ, ಬಂದು ಮಾತಾಡಿದವರಿಗೇ ಮುಂದೆ ಶಿಫಾರಸು ಪತ್ರ, ಸಂಶೋಧನೆಯ ಕೆಲಸ ಸಿಗುವುದು. ಯಾವ ವಿಷಯ ಓದುತ್ತೀ ಅಂತ ಕೇಳಿದರೆ ಮಗಳು ಇನ್ನೂ ಗೊತ್ತಿಲ್ಲ ಅಂದಳು. ಅಪ್ಪ ಗಾಬರಿಯಾದರು. ಎಸ್ಸೆಸ್ಸೆಲ್ಸಿ ಆದ ತಕ್ಷಣ ಸೈನ್ಸೋ ಕಾಮರ್ಸೋ ಆರ್ಟ್ಸೋ ಅಂತ ಒಂದು ಬಾಗಿಲು ಹಿಡಿದು, ಅಲ್ಲೇ ಉಳಿದವರು ಅವರು. ಎರಡನೇ ವರ್ಷದ ತನಕ ನಿರ್ಧಾರ ಮಾಡದೆಯೂ ಇರಬಹುದು ಅಂದರೆ ಅವರಿಗೆ ಅದು ಮೋಸದ ಥರ ಕಂಡಿತು. ಅರ್ಜಿಯ ಜತೆ ಬರೆಯಬೇಕಾದ ಪ್ರಬಂಧದ ವಿಷಯಕ್ಕಂತೂ ನಗು ಬಂತು. "ಮಾರ್ಕ್ಸ್ ಇದೆಯಲ್ಲ ಮೇಡಂ. ತನ್ನ ಕಥೆ ಯಾಕೆ ಬರೀಬೇಕು ಇವಳು?"

ಹಾಗಾಗಿ ಇಲ್ಲಿ ಡಿಗ್ರಿ ದಾರಿ ತೋರಿಸಲಿಲ್ಲ ಅನ್ನುವುದು ಕಮ್ಮಿ. ಕೆಲವು ಕಡೆ ತಪ್ಪು ದಾರಿ ತೋರಿಸಿತು. ಏನೂ ಓದದ ಅಪ್ಪನಾಗಿದ್ದರೆ ಸುಮ್ನೆ ಗೊತ್ತಿಲ್ಲ ಅನ್ನುತ್ತಿದ್ದರೇನೋ. ಓದಿದ ಅಪ್ಪ ಗೊತ್ತಿದೆ ಅಂದುಕೊಂಡು ಹೇಳುತ್ತಾರೆ.

ಶಾಲೆಯವರೂ ಹಾಗೇ. ಕೌನ್ಸೆಲರ್ ಇವಳ ಹಣೆಯ ಮೇಲಿನ ಇಂಡಿಯನ್ ಅನ್ನುವ ಪಟ್ಟಿ ನೋಡಿ, ಅಪ್ಪ ಅಮ್ಮ ಎಂಜಿನಿಯರ್ ಇರಬೇಕು ಅಂದುಕೊಂಡರು. ಇಲ್ಲಿನ ಭಾರತೀಯ ಮೂಲದ ದೊಡ್ಡವರಲ್ಲಿ ನಾಲ್ಕರಲ್ಲಿ ಮೂರು ಜನಕ್ಕೆ ಡಿಗ್ರಿ ಇದೆ, ಆ ಊಹೆ ತಪ್ಪಿದ್ದಕ್ಕೆ ಅವರನ್ನು ಬೈಯುವುದೂ ಕಷ್ಟ. ಆ ನಾಲ್ಕನೆಯವರ ಮಕ್ಕಳಿಗೆ ಮಾತ್ರ ಯಾರೂ ಏನೂ ಕೇಳುವುದಿಲ್ಲ.

ಆದರೆ ನ್ಯಾಯವಾಗಿ ಇನ್ನೊಂದು ಬದಿಯನ್ನೂ ಹೇಳಬೇಕು. ಈ ಮನೆಯಲ್ಲಿ ಓದು ಇತ್ತು. ಇಂಗ್ಲಿಷ್ ಬಾರದೆ ಆರನೇ ಕ್ಲಾಸಿಗೆ ಸೇರಿದ ಹುಡುಗಿಗೆ ಅಮ್ಮ ದಿನಾ ರಾತ್ರಿ ಪಾಠ ಟಿಪ್ಪಣಿ ಮಾಡಿ ಕೂರಿಸಿದರು. ಟಿಸಿಎಚ್‌ನಲ್ಲಿ ಕಲಿತದ್ದು: ಇವತ್ತಿನ ಉದ್ದೇಶ, ಚಟುವಟಿಕೆ, ಕೊನೆಗೆ ಐದು ಪ್ರಶ್ನೆ. ಮಗಳು ತಾನು ಓದಿದ್ದನ್ನು ಅಮ್ಮನಿಗೆ ಕನ್ನಡದಲ್ಲಿ ವಿವರಿಸಬೇಕು. ವಿವರಿಸಲು ಬರಲಿಲ್ಲ ಅಂದರೆ ಅರ್ಥ ಆಗಿಲ್ಲ ಅಂತ. 2020ರ ಮಾರ್ಚ್‌ನಲ್ಲಿ ಶಾಲೆ ಮುಚ್ಚಿ ಲ್ಯಾಪ್‌ಟಾಪ್‌ನೊಳಗೆ ಹೋದಾಗಲೂ ಇದು ನಿಲ್ಲಲಿಲ್ಲ. ಆ ನೋಟ್‌ಬುಕ್ಕುಗಳನ್ನು ನಾನು ನೋಡಿದ್ದೇನೆ, ಬೆನ್ನಿಗೆ ಬ್ರೌನ್ ಪೇಪರ್ ಹಾಕಿ ಜೋಡಿಸಿಟ್ಟಿದ್ದಾರೆ. ಮಗಳನ್ನು ಕಾಲೇಜಿನ ಬಾಗಿಲಿಗೆ ತಂದದ್ದು ಡಿಗ್ರಿ ಇಲ್ಲದ ಅಮ್ಮ. ಅರ್ಜಿಯಲ್ಲಿ ಅವರ ಎದುರಿಗೆ ಟ್ರೇಡ್ ಸ್ಕೂಲ್ ಅಂತ ಹಾಕಬೇಕೋ, ಬರೀ ಹೈಸ್ಕೂಲ್ ಅಂತಲೋ, ಅದಕ್ಕೇ ಹತ್ತು ನಿಮಿಷ ಚರ್ಚೆಯಾಯಿತು.

ಜತೆಗೆ ಅತ್ತೆಯ ಮನೆ ಇತ್ತು. ಅತ್ತೆಯ ಮಗ ಇಲ್ಲೇ ಎಂಜಿನಿಯರಿಂಗ್ ಮುಗಿಸಿದವನು. ಫೋನ್ ಮಾಡಿದರೆ ಸಲಹೆ ಕೊಡುತ್ತಾನೆ, ಸ್ವಲ್ಪ ಜಾಸ್ತಿಯೇ ಕೊಡುತ್ತಾನೆ. ಇದ್ಯಾವುದೂ ಯಾವ ಫಾರಮ್ಮಿನಲ್ಲೂ ಇಲ್ಲ.

ಚೌಕಕ್ಕೆ ಏನು ಹಾಕಿದಳು

ಸಲಹೆ ಕೊಡುವವರಿಗೆ ಬರ ಇರಲಿಲ್ಲ. ಅತ್ತೆಯ ಮಗ ಅಂದ: "ಯೆಸ್ ಹಾಕು. ಮೂರು ವರ್ಷದ್ದು ಡಿಗ್ರಿನೇ ಅಲ್ಲ ಅಂತ ಮಾವನ ಹತ್ರ ಪೇಪರ್ ಇದೆ. ಯಾರು ಚೆಕ್ ಮಾಡ್ತಾರೆ?"

ಹುಡುಗಿಗೆ ಅದು ಒಗ್ಗಲಿಲ್ಲ. ಅವಳ ಕ್ಲಾಸಿನಲ್ಲಿ ಒಬ್ಬ ಗೆಳತಿ, ಗ್ವಾಟೆಮಾಲಾದಿಂದ ಬಂದ ಮನೆಯವಳು. ಅವಳಮ್ಮ ಆರನೇ ಕ್ಲಾಸಿಗೇ ಶಾಲೆ ಬಿಟ್ಟವರು. "ನಾನೂ ಅವಳೂ ಒಂದೇ ಬಾಕ್ಸಾ ಆಂಟಿ? ನಮ್ಮಮ್ಮ ಟೀಚರ್." ಇದು ನನಗೆ ಹೊಳೆದಿರಲಿಲ್ಲ. ಅಲ್ಲಿಯ ತನಕ ನಾನು ಇವಳ ವಕೀಲಳ ಥರ ಯೋಚಿಸುತ್ತಿದ್ದೆ.

ಆಮೇಲೆ ಸ್ವಲ್ಪ ತಡೆದು ಕನ್ನಡ ಇಂಗ್ಲಿಷ್ ಬೆರೆಸಿ ಇನ್ನೊಂದು ಮಾತು ಅಂದಳು. ಯೆಸ್ ಹಾಕಿದರೆ ಅಪ್ಪ ಕಾಲೇಜಿಗೇ ಹೋಗಿಲ್ಲ ಅಂತ ಬರೆದ ಹಾಗೆ, ಅಲ್ವಾ?

ಅಪ್ಪ ಸೋಫಾದಲ್ಲಿ ಕೂತು ಶೂ ಲೇಸು ಕಟ್ಟಿಕೊಳ್ಳುತ್ತಿದ್ದರು, ಪಾಳಿಗೆ ಹೊರಡುವ ಹೊತ್ತು. ತಲೆ ಎತ್ತದೆ ಹೇಳಿದರು. "ನೋ ಅಂತಾನೇ ಹಾಕಮ್ಮ. ಈ ದೇಶದಲ್ಲಿ ನನ್ನ ಡಿಗ್ರೀನ ಒಪ್ಕೊಂಡಿದ್ದು ಈ ಫಾರಂ ಒಂದೇ."

ಎಲ್ಲರೂ ನಕ್ಕೆವು. ನಗಬಾರದಿತ್ತೇನೋ.

ನಾನು ಮೂರು ಕಾಲೇಜುಗಳಿಗೆ ಮೇಲ್ ಹಾಕಿ ಕೇಳಿದೆ. ಎತ್ತು ಏರಿಗೆ, ಕೋಣ ನೀರಿಗೆ. ಒಂದು ಕಡೆಯವರು ಯಾವ ದೇಶದ್ದಾದರೂ ಬ್ಯಾಚುಲರ್ ಡಿಗ್ರಿ ಡಿಗ್ರಿಯೇ, ಇವಳು ಫಸ್ಟ್ ಜನರೇಷನ್ ಅಲ್ಲ ಅಂದರು. ಇನ್ನೊಂದು ಕಡೆ ಅಮೆರಿಕದ ನಾಲ್ಕು ವರ್ಷದ ಡಿಗ್ರಿಯನ್ನು ಮಾತ್ರ ಎಣಿಸುತ್ತೇವೆ, ಹಾಗಾಗಿ ಇವಳು ಹೌದು ಅಂದರು. ಕೆಲವು ಕಾಲೇಜುಗಳು ಹೀಗೇ ಬರೆದುಕೊಂಡಿವೆ. ಮೂರನೆಯವರು ನಿಮ್ಮ ಅನುಭವಕ್ಕೆ ಯಾವುದು ಹೊಂದುತ್ತದೋ ಅದನ್ನು ಹಾಕಿ ಅಂದರು. ನನಗೆ ಜಾಸ್ತಿ ಸಿಟ್ಟು ಬಂದದ್ದು ಈ ಮೂರನೆಯದಕ್ಕೆ. ಹದಿನೇಳರ ಹುಡುಗಿಯ ತಲೆಗೆ ಕಟ್ಟಿ ತಾವು ಕೈತೊಳೆದುಕೊಂಡ ಹಾಗೆ.

ಕೊನೆಗೆ ನಾವು ಮಾಡಿದ್ದು ಸರಳ. ಹಲವು ಕಾಲೇಜುಗಳಿಗೆ ಒಟ್ಟಿಗೆ ಹಾಕುವ ಅರ್ಜಿ ಕಾಮನ್ ಆ್ಯಪ್‌ನಲ್ಲಿ ಅಪ್ಪ ಅಮ್ಮನ ಕಾಲೇಜು, ಡಿಗ್ರಿ, ವರ್ಷ ಕೇಳುತ್ತಾರೆ. ಅಲ್ಲಿ ಅಪ್ಪನ ಬಿ.ಕಾಂ. ಪೂರ್ತಿ ಬರೆದಳು. ಕಾಲೇಜಿನ ಹೆಸರು ಪಟ್ಟಿಯಲ್ಲಿ ಸಿಗಲಿಲ್ಲ, ಕೈಯಾರೆ ಟೈಪ್ ಮಾಡಿದಳು. ಯಾವ ಕಾಲೇಜು ತನ್ನದೇ ಪ್ರಶ್ನೆ ಕೇಳುತ್ತದೋ ಅಲ್ಲಿ ಅದರದೇ ವಿವರಣೆ ಓದಿ ಅದಕ್ಕೆ ತಕ್ಕ ಉತ್ತರ. ಎರಡು ಕಡೆ ಇಲ್ಲ, ಒಂದು ಕಡೆ ಹೌದು. ಮೂರೂ ಸುಳ್ಳಲ್ಲ. ಅನುಭವ ಹೊಂದಿಸಿ ನೋಡಿ ಅಂದವರಿಗೂ ಇಲ್ಲ ಅಂತಲೇ ಹಾಕಿದಳು, ಅದು ಅವಳದೇ ತೀರ್ಮಾನ. ಹೆಚ್ಚುವರಿ ಮಾಹಿತಿಗೆ ಜಾಗ ಇದ್ದ ಕಡೆ ನಾಲ್ಕು ಸಾಲು: ಅಪ್ಪನದು ಭಾರತದ ಮೂರು ವರ್ಷದ ಪದವಿ, ಈಗ ವೇರ್‌ಹೌಸ್ ಕೆಲಸ, ಅಮೆರಿಕದ ಕಾಲೇಜು ಈ ಮನೆಗೆ ಹೊಸತು. ಅಳು ಇಲ್ಲ, ಅಲಂಕಾರ ಇಲ್ಲ.

ಕೇಂದ್ರ ಸರ್ಕಾರದ ನೆರವಿನ ಅರ್ಜಿ ಫ್ಯಾಫ್ಸಾ ಆ ವರ್ಷ ಎಲ್ಲರಿಗೂ ತೆರೆದದ್ದು ನವೆಂಬರ್‌ನಲ್ಲಿ. ಅದರಲ್ಲೂ ಅಪ್ಪ ಅಮ್ಮನ ಓದಿನ ಪ್ರಶ್ನೆ ಇದೆ: ಇಬ್ಬರೂ ಕಾಲೇಜಿಗೆ ಹೋಗಿಲ್ಲ, ಹೋಗಿ ಮುಗಿಸಿಲ್ಲ, ಒಬ್ಬರಾದರೂ ಮುಗಿಸಿದ್ದಾರೆ, ಗೊತ್ತಿಲ್ಲ. ಕಮ್ಮಿ ಆದಾಯದವರಿಗೆ ಕೇಂದ್ರ ಕೊಡುವ ಪೆಲ್ ಗ್ರ್ಯಾಂಟ್ ಲೆಕ್ಕಕ್ಕೆ ಈ ಉತ್ತರ ಬರುವುದಿಲ್ಲ. ಇದನ್ನು ಹೇಳಿದಾಗ ಮನೆಯವರ ಅರ್ಧ ಭಾರ ಇಳಿಯಿತು. ಈ ಒಂದು ಚೌಕದ ಮೇಲೆ ಲಕ್ಷಗಟ್ಟಲೆ ದುಡ್ಡು ನಿಂತಿದೆ ಅಂದುಕೊಂಡಿದ್ದರು ಪಾಪ.

ಟ್ರಯೋದ ಬಾಗಿಲೂ ಪೂರ್ತಿ ಮುಚ್ಚಿರಲಿಲ್ಲ. ಕಾಲೇಜು ಸೇರಿದ ಮೇಲೆ ಪಾಠ, ಸಲಹೆಯ ನೆರವು ಕೊಡುವ ಅದರ ಯೋಜನೆಯಲ್ಲಿ ಮೂರನೇ ಎರಡು ಪಾಲು ಸೀಟು ಕಮ್ಮಿ ಆದಾಯ ಮತ್ತು ಫಸ್ಟ್ ಜನರೇಷನ್ ಎರಡೂ ಆಗಿರುವವರಿಗೆ, ಇಲ್ಲವೇ ಅಂಗವಿಕಲರಿಗೆ. ಉಳಿದ ಮೂರನೇ ಒಂದು ಪಾಲಿಗೆ ಇವುಗಳಲ್ಲಿ ಯಾವುದಾದರೂ ಒಂದು ಇದ್ದರೆ ಸಾಕು. ಕಮ್ಮಿ ಆದಾಯ ಅಂದರೆ ಬಡತನ ರೇಖೆಯ ಒಂದೂವರೆ ಪಟ್ಟಿನ ಒಳಗೆ, 2025ರಲ್ಲಿ ನಾಲ್ಕು ಜನರ ಮನೆಗೆ 48,225 ಡಾಲರ್. ಇವರದು 62,000 ಅಲ್ವಾ ಅಂತ ಅಮ್ಮ ಕೈ ಚೆಲ್ಲಿದರು. ಆದರೆ ಅವರು ನೋಡುವುದು ತೆರಿಗೆ ಬೀಳುವ ಆದಾಯವನ್ನು. ಗಂಡ ಹೆಂಡತಿಯ 2024ರ ಸ್ಟ್ಯಾಂಡರ್ಡ್ ಡಿಡಕ್ಷನ್ 29,200 ಕಳೆದರೆ 32,800. ಒಳಗೇ ಬಂದರು. ಇದನ್ನು ಮೊದಲು ಹಿಡಿದವರು ಅಪ್ಪ. ನಾನು ಒಟ್ಟು ಸಂಬಳ ನೋಡಿ ಆಗಲ್ಲ ಅಂದುಬಿಟ್ಟಿದ್ದೆ.

ಆ ಸೀಟು ಅವಳಿಗೆ ಮೊದಲ ಸೆಮಿಸ್ಟರ್‌ನಲ್ಲಿ ಸಿಗಲಿಲ್ಲ, ಕಾಯುವ ಪಟ್ಟಿ. ಅದಕ್ಕೂ ಮೊದಲು ಯಾವ ಕಾಲೇಜು ಅನ್ನುವುದೇ ತೀರ್ಮಾನ ಆಗಬೇಕಿತ್ತು.

ಏಪ್ರಿಲ್‌ನ ರಾತ್ರಿ

ಎರಡು ಕಾಲೇಜಿನಿಂದ ನೆರವಿನ ಪತ್ರ ಬಂದಿದ್ದವು. ಒಂದು ನಮ್ಮ ರಾಜ್ಯದ್ದು, ಸರ್ಕಾರಿ. ಇನ್ನೊಂದು ಪಕ್ಕದ ರಾಜ್ಯದ ಖಾಸಗಿ ಕಾಲೇಜು. ಖಾಸಗಿಯವರ ಪತ್ರದ ಕೊನೆಗೆ ನೀವು ಕಟ್ಟಬೇಕಾದ್ದು ಸೊನ್ನೆ ಅಂತ ದಪ್ಪ ಅಕ್ಷರದಲ್ಲಿತ್ತು. ಅತ್ತೆಯ ಮಗ ಫೋನಿನಲ್ಲೇ ಕುಣಿದುಬಿಟ್ಟಿದ್ದ. ನಾನು ಹೋದಾಗ ಅಮ್ಮ ಕೇಸರಿಬಾತ್ ಮಾಡಿದ್ದರು.

ಅಪ್ಪ ಪತ್ರಗಳನ್ನು ಟೇಬಲ್ಲಿನ ಮೇಲೆ ಹರಡಿ ಸುಮಾರು ಹೊತ್ತು ನೋಡಿದರು. ಇಂಗ್ಲಿಷ್ ನಿಧಾನ, ಅಂಕಿ ನಿಧಾನ ಅಲ್ಲ. ಆಮೇಲೆ ಮಗನ ಗಣಿತದ ನೋಟ್‌ಬುಕ್ಕಿನಿಂದ ಒಂದು ಹಾಳೆ ಹರಿದು, ಸ್ಕೇಲ್ ಇಟ್ಟು ನಡುವೆ ಗೆರೆ ಎಳೆದರು. ಎಡಕ್ಕೆ ಜಮಾ, ಬಲಕ್ಕೆ ಸಾಲ. ಕನ್ನಡದಲ್ಲೇ ಬರೆದರು, ಅಂಕಿಯೂ ಕನ್ನಡದ್ದೇ.

"ಈ ಗ್ರ್ಯಾಂಟು ವಾಪಸ್ ಕೊಡೋ ಹಾಗಿಲ್ಲ ತಾನೇ? ಸರಿ, ಜಮಾ. ಸಬ್ಸಿಡೈಸ್ಡ್ ಲೋನ್ ೩,೫೦೦. ಲೋನ್ ಅಂದ್ಮೇಲೆ ಸಾಲ. ಇದ್ಯಾಕೆ ಅವಾರ್ಡು ಅನ್ನೋ ಪಟ್ಟೀಲಿ ಬರ್ದಿದಾರೆ?"

"ಹಾಗೇ ಬರೀತಾರೆ ಅಪ್ಪ," ಅಂದಳು ಮಗಳು.

ಅವಳು ಹೇಳಿದ್ದು ನಿಜ. ಅಮೆರಿಕದ ಸಂಸತ್ತಿನ ಲೆಕ್ಕ ತಪಾಸಣೆ ಕಚೇರಿ 2022ರಲ್ಲಿ ಇಂಥ ಪತ್ರಗಳನ್ನು ತಡಕಿದಾಗ, ಕೈಯಿಂದ ಕಟ್ಟಬೇಕಾದ ನಿಜವಾದ ಮೊತ್ತವನ್ನು ಬರೆಯದ, ಇಲ್ಲವೇ ಕಮ್ಮಿ ಮಾಡಿ ತೋರಿಸುವ ಕಾಲೇಜುಗಳು ಶೇ. 91 ಅಂತ ಅಂದಾಜು ಮಾಡಿತ್ತು.

"ವರ್ಕ್ ಸ್ಟಡಿ ೨,೫೦೦. ಇದು ಇವ್ಳು ದುಡಿದ್ರೆ ಬರೋದು. ಇನ್ನೂ ಬರದೇ ಇರೋ ದುಡ್ಡನ್ನ ಜಮಾ ಹಾಕೋಕಾಗಲ್ಲ." ಅದನ್ನು ಕೆಳಗೆ ಬೇರೆಯೇ ಬರೆದು ಸುತ್ತ ಒಂದು ಗೋಲ ಹಾಕಿದರು.

ಆಮೇಲೆ ಪೆನ್ನಿನ ತುದಿ ಖಾಸಗಿ ಕಾಲೇಜಿನ ಪತ್ರದ ಒಂದು ಸಾಲಿನ ಮೇಲೆ ನಿಂತಿತು. ಪೇರೆಂಟ್ ಪ್ಲಸ್, 14,000.

"ಇದೇನು ಮೇಡಂ?"

"ಅದೂ ಸಾಲ. ಆದರೆ ತಂದೆ ತಾಯಿ ಹೆಸರಲ್ಲಿ. ಬಡ್ಡಿ ಜಾಸ್ತಿ."

"ನನ್ನ ಹೆಸರಲ್ಲಿ. ಒಂದು ವರ್ಷಕ್ಕಾ?"

"ವರ್ಷವರ್ಷಕ್ಕೂ."

ಅವರು ಮಾತಾಡಲಿಲ್ಲ. ಬಲಗಡೆ ೧೪,೦೦೦ ಅಂತ ಬರೆದು, ಕೆಳಗೆ ನಾಲ್ಕರಿಂದ ಗುಣಿಸಿ, ಗೆರೆ ಎಳೆದು ಮೊತ್ತ ಹಾಕಿದರು. ಸೊನ್ನೆ ಅಂತಿದ್ದ ಕಾಲೇಜು ೫೬,೦೦೦ ಆಯಿತು, ಮಗಳ ಹೆಸರಿನ ಸಾಲ ಬೇರೆ. ಪಕ್ಕದಲ್ಲಿ ಸರ್ಕಾರಿ ಕಾಲೇಜಿನ ಲೆಕ್ಕ. ಅಲ್ಲಿ ಗ್ರ್ಯಾಂಟು ಕಳೆದು ಕೈಯಿಂದ ಕಟ್ಟಬೇಕಾದ್ದು ಇತ್ತು, ಆದರೆ ಬಲಗಡೆಯ ಸಾಲು ಚಿಕ್ಕದು. ಮನೆಯಿಂದ ಓಡಾಡಿದರೆ ಹಾಸ್ಟೆಲ್ ದುಡ್ಡೂ ಉಳಿಯುತ್ತದೆ. ಹಾಸ್ಟೆಲ್ಲಿನ ಸಾಲನ್ನು ಹೊಡೆದುಹಾಕಿ ಮತ್ತೆ ಕೂಡಿದರು.

"ಅಣ್ಣನಿಗೆ ಏನು ಹೇಳ್ಲಿ?" ಅಂದಳು ಮಗಳು. ಅತ್ತೆಯ ಮಗನ ಬಗ್ಗೆ ಕೇಳಿದ್ದು.

"ಈ ಹಾಳೆ ಕಳ್ಸು."

ಅವಳು ಫೋಟೋ ತೆಗೆದಳು. ಕಳಿಸುವ ಮುಂಚೆ ಒಂದು ಸಲ ದೊಡ್ಡದು ಮಾಡಿ ನೋಡಿದಳು, ಆ ಕನ್ನಡ ಅಂಕಿಗಳು ಅವನಿಗೆ ಓದಲು ಬರುತ್ತವೋ ಇಲ್ಲವೋ ಅಂತ. ಬರಲ್ಲ ಅಂತ ಅನಿಸಿರಬೇಕು. ಪಕ್ಕದಲ್ಲಿ ಕೂತು ಒಂದೊಂದಕ್ಕೂ ಇಂಗ್ಲಿಷ್ ಅಂಕಿ ಟೈಪ್ ಮಾಡತೊಡಗಿದಳು. ಎಂಟೂವರೆ ಆಗಿತ್ತು. ಅಪ್ಪ ಟಿಫಿನ್ ಡಬ್ಬಿ ತೆಗೆದುಕೊಂಡು, ಬ್ಯಾಡ್ಜ್ ಕೊರಳಿಗೆ ಹಾಕಿಕೊಂಡು ಪಾಳಿಗೆ ಹೊರಟರು.